ಫಲಕದ ಕೆಳಗಿನ ನಾಲ್ಕು ಸಾಲು

ಡಿಸೆಂಬರ್ 8, 2024, ಭಾನುವಾರ
ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಶಾಲೆಗೆ ನಮ್ಮ ಮಾಸ್ತರರ ಹೆಸರಿಡಲು ಊರು ಒಪ್ಪಿತು. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಮಧ್ಯಾಹ್ನ ಸಭೆ ಸೇರಿದ್ದೆವು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಪಂಚಾಯಿತಿಯವರು, ಹಳೆಯ ವಿದ್ಯಾರ್ಥಿಗಳು, ಲಂಬಾಣಿಗರ ಕೇರಿಯಾದ ತಾಂಡಾದ ಹಿರಿಯರು ಎಲ್ಲರೂ ಇದ್ದರು. ನಡಾವಳಿ ಪುಸ್ತಕದಲ್ಲಿ ಠರಾವು ಬರೆದಾಯಿತು. ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಇನ್ನು ಆ ಪತ್ರ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗಬೇಕು, ಅಲ್ಲಿಂದ ಮೇಲಕ್ಕೆ ಹೋಗಬೇಕು. ಆದೇಶ ಕೈಗೆ ಬರುವವರೆಗೆ ಹೆಸರನ್ನು ಎಲ್ಲಿಯೂ ಬರೆಯಬೇಡವ್ವ ಎಂದು ಅವರ ಮನೆಯಲ್ಲಿ ಕೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿಯೂ ಮಾಸ್ತರರು ಎಂದಷ್ಟೇ ಬರೆಯುತ್ತೇನೆ. ಅವರು ಇದ್ದಾಗ ನಾವು ಕರೆಯುತ್ತಿದ್ದದ್ದೂ ಹಾಗೆಯೇ.

ಜಾಗ ಕೊಟ್ಟ ಮನೆತನದವರು ಅಡ್ಡಿ ಮಾಡಬಹುದೆಂದು ಕೆಲವರಿಗೆ ಅಳುಕಿತ್ತು. ಅವರು ಏನೂ ಅನ್ನಲಿಲ್ಲ, ಸಹಿಯನ್ನು ಮೊದಲು ಹಾಕಿದವರೇ ಅವರು. ಮಾತು ಎತ್ತಿದವರು ಇನ್ನೊಬ್ಬ ಹಿರಿಯರು. “ದೇಶಕ್ಕಾಗಿ ದುಡಿದವರ ಹೆಸರು ಇಡೋಣ. ಮಾಸ್ತರರು ಒಳ್ಳೆಯವರೇ, ಇಲ್ಲ ಎನ್ನುವುದಿಲ್ಲ. ಆದರೆ ಸಂಬಳ ತೆಗೆದುಕೊಂಡು ಪಾಠ ಹೇಳಿದರು ತಾನೇ?” ಎಂದರು. ಅವರದು ಕೆಟ್ಟ ಮನಸ್ಸಲ್ಲ, ಬಹಳ ಜನರ ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿಬಿಟ್ಟು ಹೇಳಿದರು. ನನಗೆ ಸುಮ್ಮನಿರಲು ಆಗಲಿಲ್ಲ. “ಕಾಕಾ, ಸಂಬಳದ ಹೊತ್ತು ಶುರುವಾಗುವುದು ಶಾಲೆಯ ಗಂಟೆ ಹೊಡೆದ ಮೇಲೆ. ನಸುಕಿನಲ್ಲಿ ಅಗಸಿಯ ಹತ್ತಿರ ಬಂದು ನಿಲ್ಲುತ್ತಿದ್ದರಲ್ಲ, ಆ ಹೊತ್ತಿಗೆ ಅವರಿಗೆ ಯಾರು ಸಂಬಳ ಕೊಟ್ಟರು?” ಎಂದು ಕೇಳಿದೆ.

ಅಗಸಿಯ ವಿಷಯ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೂರದವರಿಗಾಗಿ ಬರೆಯುತ್ತೇನೆ. ಅಗಸಿ ಎಂದರೆ ಊರಿನ ಹೆಬ್ಬಾಗಿಲು. ನಾರಾಯಣಪುರದ ಬಸವಸಾಗರದಿಂದ ಕಾಲುವೆಗೆ ನೀರು ಬಂದ ಮೇಲೆ, ಜೋಳ, ಸಜ್ಜೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಭತ್ತ ಮತ್ತು ಹತ್ತಿ ಬಂದವು. ಹತ್ತಿ ಬಿಡಿಸುವುದು ಪೂರ್ತಿ ಕೈಕೆಲಸ. ಕಾಯಿಗಳೆಲ್ಲ ಒಂದೇ ಸಲ ಬಿರಿಯುವುದಿಲ್ಲವಾದ್ದರಿಂದ ಒಂದೇ ಹೊಲಕ್ಕೆ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಶುರುವಾದರೆ ಸಂಕ್ರಾಂತಿ ದಾಟಿದರೂ ಮುಗಿಯುವುದಿಲ್ಲ. ಕೂಲಿ ಕಿಲೋ ಲೆಕ್ಕದಲ್ಲಿ. ಕಿಲೋ ಲೆಕ್ಕವೆಂದ ಮೇಲೆ ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟೂ ಬೇಕು. ಹೆಣ್ಣುಮಕ್ಕಳ ಬೆರಳು ಚುರುಕು ಎಂದು ಅವರನ್ನೇ ಮೊದಲು ಕರೆಯುತ್ತಾರೆ. ಬಿರಿದು ಒಣಗಿದ ಕಾಯಿಯ ತುದಿ ಉಗುರಿನ ಸಂದಿಗೆ ಚುಚ್ಚಿ ರಕ್ತ ಬರುತ್ತದೆ, ಬೆವರು ತಾಗಿದರೆ ಉರಿಯುತ್ತದೆ. ಆ ಉರಿ ನನ್ನ ಬೆರಳುಗಳಿಗೆ ಗೊತ್ತು. ಬೆಳಕು ಹರಿಯುವ ಮುನ್ನವೇ ಕೂಲಿಯವರನ್ನು ಒಯ್ಯುವ ಟಂಟಂ ಆಟೊ ಅಗಸಿಗೆ ಬಂದು ನಿಲ್ಲುತ್ತದೆ. ರೊಟ್ಟಿಯ ಗಂಟು ಹಿಡಿದುಕೊಂಡು ಎಲ್ಲರೂ ಹತ್ತುತ್ತಾರೆ. ಶಾಲೆಯ ಗಂಟೆ ಹೊಡೆಯುವಾಗ ಅರ್ಧ ತರಗತಿ ಹೊಲದಲ್ಲಿರುತ್ತದೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದ ಸರಾಸರಿ ಶೇ 75.36. ಜಿಲ್ಲೆಗಳ ಪಟ್ಟಿಯಲ್ಲಿ ನಾವು ಎಲ್ಲರಿಗಿಂತ ಕೆಳಗೆ. ಈ ಅಂತರಕ್ಕೆ ಕಾರಣ ಹಲವಾರು ಇರಬಹುದು. ಅದರಲ್ಲಿ ಒಂದು ದೊಡ್ಡ ಪಾಲು ಆ ಟಂಟಂಗಳಲ್ಲಿ ಕೂತು ಹೊಲಕ್ಕೆ ಹೋಗಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮಾಸ್ತರರು ಅಗಸಿಯಲ್ಲಿ ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಕಾನೂನು ಹೇಳಿ ಹೆದರಿಸಿದ್ದೂ ಇಲ್ಲ. ಮಗುವಿನ ತಾಯಿಯ ಹತ್ತಿರ ಹೋಗಿ, “ತಂಗಿ, ಇವಳು ಭಾಗಾಕಾರದಲ್ಲಿದ್ದಾಳೆ. ಶೇಷ ಉಳಿಯುವ ಲೆಕ್ಕ ಒಂದು ಬಾಕಿ ಇದೆ. ಈ ವಾರ ಬಿಟ್ಟುಕೊಡು, ಅದು ಬಂದುಬಿಟ್ಟರೆ ಮರೆಯುವುದಿಲ್ಲ” ಎನ್ನುತ್ತಿದ್ದರು. ಎಷ್ಟೋ ತಾಯಂದಿರು ಇಳಿಸಿದರು. ಇಳಿಸದವರೂ ಇದ್ದರು, ಅವರ ಮೇಲೆ ಮಾಸ್ತರರು ಸಿಟ್ಟು ಇಟ್ಟುಕೊಳ್ಳಲಿಲ್ಲ. ಸಂಜೆ ಹೊಲದಿಂದ ಬಂದ ಮಕ್ಕಳಿಗೆ ಶಾಲೆಯ ಪಡಸಾಲೆಯಲ್ಲಿ ದೀಪ ಹಾಕಿ ಮತ್ತೆ ಕೂರಿಸುತ್ತಿದ್ದರು. 2002ರಲ್ಲಿ ಶಾಲೆಯ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಶುರುವಾದಾಗ ರಾಜ್ಯದಲ್ಲಿ ಮೊದಲು ಬಂದದ್ದು ನಮ್ಮ ಕಡೆಯ ಏಳು ಜಿಲ್ಲೆಗಳಿಗೆ. ಆಗ ನಾವಿನ್ನೂ ಗುಲಬರ್ಗಾ ಜಿಲ್ಲೆಯಲ್ಲಿದ್ದೆವು, ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಬಿಸಿಯೂಟ ಬಂದ ಮೇಲೆ ಮಾಸ್ತರರ ಮಾತಿಗೆ ಬಲ ಬಂತು. “ಮಧ್ಯಾಹ್ನದ ಊಟದ ಚಿಂತೆ ನಿನಗೆ ಬೇಡ, ತಂಗಿ” ಎಂದು ಮೊದಲು ಹೇಳಿ, ಆಮೇಲೆ ಲೆಕ್ಕದ ಮಾತು ತೆಗೆಯುತ್ತಿದ್ದರು. ನಾನು ಆಗ ಐದನೆಯ ತರಗತಿ.

ಇಷ್ಟನ್ನು ಸಭೆಯಲ್ಲಿ ನಾನು ಹೇಳಿದೆ. ಕಾಕಾ ಕೇಳಿಸಿಕೊಂಡರು, ಆದರೆ ಸಹಿ ಹಾಕಲಿಲ್ಲ. ಅವರ ಮನಸ್ಸು ತಿರುಗಿದ್ದು ಮುಖ್ಯಗುರುಮಾತೆಯವರು ಒಳಗಿನ ಅಲಮಾರಿಯಿಂದ ಒಂದು ವಹಿ ತಂದು ಕೊಟ್ಟಾಗ.

ಕೆಂಪು ಬಟ್ಟೆಯ ಬೆನ್ನಿನ, ಅಂಗಡಿಯವರು ಉದ್ರಿ ಲೆಕ್ಕ ಬರೆಯುವಂಥ ಉದ್ದನೆಯ ವಹಿ ಅದು. ಇಲಾಖೆ ಕೇಳಿದ ದಾಖಲೆಯಲ್ಲ. ಮಾಸ್ತರರೇ ಅಡ್ಡಗೆರೆ, ಉದ್ದಗೆರೆ ಎಳೆದು ಮನೆ ಮಾಡಿಕೊಂಡಿದ್ದರು. ಮಗುವಿನ ಹೆಸರು, ಎಲ್ಲಿಗೆ ಹೋಗಿದೆ, ಯಾರ ಜೊತೆ, ಪಾಠ ಎಲ್ಲಿ ನಿಂತಿದೆ. ಕೊನೆಯ ಮನೆ ಮರಳಿ ಬಂದ ದಿನಾಂಕಕ್ಕೆ. ಕೆಲವು ಸಾಲುಗಳನ್ನು ಹೆಸರು ಬಿಟ್ಟು ಇಲ್ಲಿ ಇಳಿಸಿಕೊಳ್ಳುತ್ತೇನೆ. “ಪುಣೆ, ಕಟ್ಟಡದ ಕೆಲಸ, ಅಪ್ಪ ಅವ್ವನ ಜೊತೆ. ಕೂಡಿಸುವುದು ಬರುತ್ತದೆ. ದಶಕ ತೆಗೆದು ಕಳೆಯುವುದು ಬರುವುದಿಲ್ಲ.” “ಬೆಂಗಳೂರು. ಒತ್ತಕ್ಷರ ಶುರುವಾಗುವ ಮುಂಚೆ ಹೋದ.” “ಅಜ್ಜಿಯ ಹತ್ತಿರ ಬಿಟ್ಟಿದ್ದಾರೆ, ಊರಲ್ಲೇ ಇದ್ದಾಳೆ, ತಮ್ಮನನ್ನು ನೋಡಿಕೊಳ್ಳುತ್ತಾಳೆ. ತಮ್ಮನನ್ನೂ ಕರೆದುಕೊಂಡು ಬಾ ಎಂದಿದ್ದೇನೆ.” “ಲಂಬಾಣಿಯಲ್ಲಿ ಕಥೆ ಚೆನ್ನಾಗಿ ಹೇಳುತ್ತಾಳೆ. ಕನ್ನಡದಲ್ಲಿ ಬರೆಸಬೇಕು.” ನನ್ನ ಹೆಸರೂ ಸಿಕ್ಕಿತು. “ಹೊಲ, ಹತ್ತಿ, ಅವ್ವನ ಜೊತೆ. ಭಿನ್ನರಾಶಿ ಶುರು ಮಾಡಿಲ್ಲ. ಓದು ಗಟ್ಟಿ.”

ದುಡಿಯಲು ಹೋದವರು ಸಾಮಾನ್ಯವಾಗಿ ಊರಿಗೆ ಬರುವುದು ಯುಗಾದಿಗೆ, ಇಲ್ಲವೇ ಜಾತ್ರೆಗೆ. ಹಾಗೆ ಬಂದ ಮಗುವನ್ನು ಅವರು ಪುಸ್ತಕದ ಮೊದಲ ಪುಟಕ್ಕೂ ತಳ್ಳುತ್ತಿರಲಿಲ್ಲ, ಉಳಿದವರು ಇರುವ ಪುಟಕ್ಕೂ ಎಳೆಯುತ್ತಿರಲಿಲ್ಲ. ವಹಿ ತೆರೆದು, ನಿಂತ ಜಾಗ ನೋಡಿ, ಅಲ್ಲಿಂದ ಹೇಳಿಕೊಡುತ್ತಿದ್ದರು. ಹಾಜರಿ ಪುಸ್ತಕದಿಂದ ಒಂದು ಹೆಸರನ್ನೂ ಹೊಡೆಯಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ವಹಿಯ ಮೊದಲ ಪುಟಗಳು ಅದಕ್ಕಿಂತ ಬಹಳ ಹಿಂದಿನವು.

ಕಾಕಾ ಪುಟ ತಿರುವುತ್ತಾ ಹೋದರು. ಒಂದು ಕಡೆ ಬೆರಳಿಟ್ಟು ನಿಂತರು. ಅದು ಅವರ ಮಗನ ಹೆಸರು. ಏನೂ ಮಾತನಾಡದೆ ಪೆನ್ನು ಕೇಳಿದರು.

ಕಟ್ಟಡಗಳಿಗೆ ಹೆಸರಿಡುವುದರಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಸುರಪುರದಲ್ಲಿ ಟೇಲರ್ ಮಂಜಿಲ್ ಇದೆ, 1840ರ ದಶಕದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಹೆಸರು. ಬೀದರಿನಲ್ಲಿ 1472ರ ಮದರಸಾ ಇದೆ. ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನ ಹೆಸರು ಐದು ನೂರು ವರ್ಷ ದಾಟಿ ಉಳಿದಿದೆ. ಅಲ್ಲಿ ಕೂತು ಪಾಠ ಹೇಳಿದವರ ಹೆಸರನ್ನು ನಮ್ಮ ಕಡೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಕಲಿಸಿದವರನ್ನು ನಾಡು ನೆನೆದ ಉದಾಹರಣೆ ಎಂದರೆ ನನಗೆ ಮೊದಲು ತೋರುವುದು ಭಾಲ್ಕಿಯ ಚನ್ನಬಸವ ಪಟ್ಟದ್ದೇವರು. ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಅವರ ಹೆಸರಿದೆ. ನಿಜಾಮರ ಆಳ್ವಿಕೆಯಲ್ಲಿ ಶಾಲೆಗಳಲ್ಲಿ ಉರ್ದುವೇ ನಡೆಯುತ್ತಿದ್ದಾಗ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಆ ಕಥೆ ಗೊತ್ತಿರುವುದರಿಂದಲೇ ಆ ಹೆಸರು ಓದಿದಾಗ ಮೈ ಜುಮ್ಮೆನ್ನುತ್ತದೆ. ಕಥೆ ಗೊತ್ತಿಲ್ಲದ ಮಗು ಬರೀ ಅಕ್ಷರ ಓದುತ್ತದೆ.

ನಾನು ಸಭೆಯಲ್ಲಿ ಹಟ ಹಿಡಿದದ್ದು ಇದಕ್ಕೇ. ಇನ್ನು ಇಪ್ಪತ್ತು ವರ್ಷಕ್ಕೆ ಶಾಲೆಯ ಹೆಸರಿನಲ್ಲಿ ಮಾಸ್ತರರ ಇನಿಷಿಯಲ್ ಮಾತ್ರ ಉಳಿಯುತ್ತದೆ. ಬಸ್ಸಿನ ಕಂಡಕ್ಟರ್ ಅದನ್ನೇ ಕೂಗುತ್ತಾನೆ, ವರ್ಗಾವಣೆ ಪತ್ರದಲ್ಲಿ ಅದೇ ಬರುತ್ತದೆ. ಫಲಕದಲ್ಲಿ ಹೆಸರಿನ ಕೆಳಗೆ ಅವರು ಏನು ಮಾಡಿದರು ಎಂಬ ನಾಲ್ಕು ಸಾಲು ಇರಲೇಬೇಕು ಎಂದೆ. ಎಲ್ಲರೂ ಒಪ್ಪಿದರು. ನೀನೇ ಬರೆ ಎಂದರು.

ಆಗ ಮಾಸ್ತರರ ಪತ್ನಿ ಮಾತನಾಡಿದರು. ಅಷ್ಟು ಹೊತ್ತು ಕಂಬಕ್ಕೆ ಒರಗಿ ಕೂತಿದ್ದರು. “ಹೆಸರು ಬರೆಯಿರಿ, ಸಂತೋಷ. ಆದರೆ ಈಗ ಒಳಗೆ ಗಣಿತ ಹೇಳುವವರು ಯಾರು?” ಎಂದು ಕೇಳಿದರು. ಯಾರಿಗೂ ತಟ್ಟನೆ ಉತ್ತರ ಬರಲಿಲ್ಲ. ಗಣಿತದ ಹುದ್ದೆ ಖಾಲಿ ಇದೆ. ಅತಿಥಿ ಶಿಕ್ಷಕಿಯೊಬ್ಬರು ಬರುತ್ತಾರೆ, ಒಳ್ಳೆಯ ಹುಡುಗಿ, ಆದರೆ ಅವರನ್ನು ಮುಂದಿನ ವರ್ಷವೂ ತೆಗೆದುಕೊಳ್ಳುತ್ತಾರೆಂಬ ಭರವಸೆ ಅವರಿಗೇ ಇಲ್ಲ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಬಂದು ನಮ್ಮ ಭಾಗಕ್ಕೆ ಉದ್ಯೋಗದಲ್ಲಿ, ಶಿಕ್ಷಣದಲ್ಲಿ ಮೀಸಲಾತಿ ಸಿಕ್ಕಿತು, ಅದರಿಂದ ಓದಿ ಮುಂದೆ ಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳ್ಳಿಯ ಶಾಲೆಯ ಖಾಲಿ ಕುರ್ಚಿ ಮಾತ್ರ ಹಾಗೆಯೇ ಇದೆ. ಅಮ್ಮನ ಮಾತಿನಿಂದ ಎರಡನೆಯ ಠರಾವು ಬರೆದೆವು: ಹೆಸರಿನ ಮನವಿಯ ಜೊತೆಯಲ್ಲೇ ಗಣಿತ ಶಿಕ್ಷಕರ ಹುದ್ದೆ ತುಂಬುವ ಮನವಿಯೂ ಹೋಗಬೇಕು, ಎರಡಕ್ಕೂ ಒಟ್ಟಿಗೆ ಸ್ವೀಕೃತಿ ಪಡೆಯಬೇಕು. ಹತ್ತಿಯ ಸುಗ್ಗಿ ಮುಗಿಯುವವರೆಗೆ ಸಂಜೆಯ ಪಾಠ ನಡೆಸುವ ಹೊಣೆ ಹಳೆಯ ವಿದ್ಯಾರ್ಥಿಗಳದು. ನಾನು ಕಲಬುರಗಿಯಲ್ಲಿ ನರ್ಸ್ ಕೆಲಸದಲ್ಲಿರುವುದರಿಂದ ವಾರದ ದಿನಗಳಲ್ಲಿ ಬರಲಾಗುವುದಿಲ್ಲ. ಭಾನುವಾರ ನನ್ನದು.

ರಾತ್ರಿ ಊಟವಾದ ಮೇಲೆ ಸಾಲುಗಳನ್ನು ಬರೆದೆ:

“ಇವರು ಈ ಶಾಲೆಯ ಮಾಸ್ತರರು.
ಹತ್ತಿ ಬಿಡಿಸಲು, ದುಡಿಯಲು ಹೋದ ಮಕ್ಕಳ ಹೆಸರನ್ನು ಹಾಜರಿಯಿಂದ ತೆಗೆಯಲಿಲ್ಲ.
ಯಾರ ಪಾಠ ಎಲ್ಲಿ ನಿಂತಿತೆಂದು ಬರೆದಿಟ್ಟರು.
ಮರಳಿ ಬಂದವರಿಗೆ ಅಲ್ಲಿಂದಲೇ ಕಲಿಸಿದರು.”

ಮೊಬೈಲ್‌ನಲ್ಲಿ ಎಲ್ಲರಿಗೂ ಕಳಿಸಿದೆ. ಪಂಚಾಯಿತಿಯ ಒಬ್ಬರು ಕೂಡಲೇ ಫೋನ್ ಮಾಡಿ, ಹತ್ತಿಯ ಮಾತು ತೆಗೆಯವ್ವ, ಸಾಹೇಬರು ಬಂದಾಗ ಊರಿನ ಮಾನ ಹೋಗುತ್ತದೆ ಎಂದರು. ತೆಗೆಯುವುದಿಲ್ಲ ಎಂದೆ. ಆ ಮಾತು ತೆಗೆದರೆ ಮಾಸ್ತರರು ನಸುಕಿನಲ್ಲಿ ಅಗಸಿಗೆ ಯಾಕೆ ಹೋದರೆಂದು ಯಾವ ಮಗುವಿಗೂ ತಿಳಿಯುವುದಿಲ್ಲ. ಮುಖ್ಯಗುರುಮಾತೆಯವರೂ ಇರಲಿ ಎಂದಿದ್ದಾರೆ. ಆ ಸಾಲು ಉಳಿಯುತ್ತದೆ.

ತಾಂಡಾದ ಹಿರಿಯರದು ಇನ್ನೊಂದು ಕೋರಿಕೆ. ಈ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಲಂಬಾಣಿಯಲ್ಲೂ ಬರೆಸಬೇಕಂತೆ. ವಹಿಯಲ್ಲಿ ಅರ್ಧದಷ್ಟು ಹೆಸರುಗಳು ತಾಂಡಾದವೇ, ಈ ಕೋರಿಕೆ ನನಗೇ ಮೊದಲು ಹೊಳೆಯಬೇಕಿತ್ತು. ಅವರ ಮೊಮ್ಮಗಳು ಸುರಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ, ಮುಂದಿನ ಭಾನುವಾರ ಬಂದು ಬರೆದುಕೊಡುತ್ತಾಳೆ. ಅದು ಕೈಗೆ ಬಂದ ಮೇಲೆ ಪೇಂಟರ್‌ಗೆ ಫಲಕದ ಅಳತೆ ಹೇಳಬೇಕು.