ಹತ್ತೂವರೆಗೆ ಬಂದ ಹುಂಜ: ವಿಸ್ಕಾನ್ಸಿನ್‌ನಲ್ಲಿ ವಸಂತದ ಟರ್ಕಿ ಬೇಟೆ

ಹಲವು ವಸಂತಗಳು ಬರಿಗೈಲಿ ಮನೆಗೆ ಮರಳಿದ ಮೇಲೆ, ಈ ಮೇ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಿಕಪೂ ಕಣಿವೆಯ ಗುಡ್ಡದ ನೆತ್ತಿಯಲ್ಲಿ ನನಗೊಂದು ಗಂಡು ಟರ್ಕಿ ಕೋಳಿ ಸಿಕ್ಕಿತು. ಆಗ ಬೆಳಗಿನ ಹತ್ತೂವರೆ. ಸಮಯವನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಇದೇ ಬೇಟೆಗೆ ಹೊರಡುವವರಿಗೆ ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಅದೇ. ಟರ್ಕಿ ಬೇಟೆ ಎಂದರೆ ನಸುಕಿನ ಬೇಟೆ ಎಂದು ಎಲ್ಲರೂ ಹೇಳುತ್ತಾರೆ. ಎಂಟು ಗಂಟೆಗೆಲ್ಲ ಕಾಡಂಚಿನ ಪಾರ್ಕಿಂಗ್ ಜಾಗ ಖಾಲಿಯಾಗಿರುತ್ತದೆ. ಆದರೆ ಹುಂಜ ಒಂಟಿಯಾಗುವುದು ಅದರ ನಂತರ.

ಜಾಗದ ವಿಚಾರ. ಮ್ಯಾಡಿಸನ್‌ನಿಂದ ಹೆದ್ದಾರಿ 14 ಹಿಡಿದು ರಿಚ್‌ಲ್ಯಾಂಡ್ ಸೆಂಟರ್ ದಾಟಿ ವಿರೋಕ್ವಾ ಕಡೆಗೆ ಹೋದರೆ ಸುಮಾರು ಎರಡು ಗಂಟೆಯ ದಾರಿ. ಹಿಮಯುಗದ ನೀರ್ಗಲ್ಲುಗಳು ಈ ಸೀಮೆಯನ್ನು ಮುಟ್ಟದೆ ಸುತ್ತಿ ಹೋದದ್ದರಿಂದ ಇಲ್ಲಿ ನೆಲ ಚಪ್ಪಟೆಯಾಗಲಿಲ್ಲ. ಕಡಿದಾದ ಗುಡ್ಡ, ಕಿರಿದಾದ ಕಣಿವೆ, ಓಕ್ ಮರಗಳ ಕಾಡು, ನೆತ್ತಿಯ ಮೇಲೆ ಹೊಲ. ಡ್ರಿಫ್ಟ್‌ಲೆಸ್ ಪ್ರದೇಶ ಎಂದು ಇದಕ್ಕೆ ಹೆಸರು. ಲಾ ಫಾರ್ಜ್ ಮತ್ತು ಒಂಟಾರಿಯೊ ಎಂಬ ಸಣ್ಣ ಊರುಗಳ ನಡುವೆ ಸುಮಾರು 8,600 ಎಕರೆಯ ಕಿಕಪೂ ವ್ಯಾಲಿ ರಿಸರ್ವ್ ಇದೆ. ರಾಜ್ಯ ಸರ್ಕಾರ ಮತ್ತು ಹೋ-ಚಂಕ್ ಎಂಬ ಮೂಲನಿವಾಸಿ ಜನಾಂಗ ಸೇರಿ ನೋಡಿಕೊಳ್ಳುವ ಸಾರ್ವಜನಿಕ ಭೂಮಿ. 1962ರಲ್ಲಿ ಮಂಜೂರಾದ ಅಣೆಕಟ್ಟಿಗಾಗಿ ನೂರಕ್ಕೂ ಹೆಚ್ಚು ರೈತ ಕುಟುಂಬಗಳನ್ನು ಇಲ್ಲಿಂದ ಎಬ್ಬಿಸಿದರು. 1975ರಲ್ಲಿ ಕೆಲಸ ಅರ್ಧಕ್ಕೇ ನಿಂತಿತು. ಕಾಂಕ್ರೀಟಿನ ಗೋಪುರವೊಂದು ಇನ್ನೂ ಹಾಗೇ ನಿಂತಿದೆ. ಶರಾವತಿ ಮುಳುಗಡೆಯವರ ಕಥೆ ಕೇಳುತ್ತ ಬೆಳೆದವನು ನಾನು. ಇಲ್ಲಿ ಪಾಳು ಬಿದ್ದ ಹೊಲಗಳ ಅಂಚಿನಲ್ಲಿ ನಡೆಯುವಾಗ ಪ್ರತಿ ಸಲವೂ ಆ ಕುಟುಂಬಗಳ ನೆನಪಾಗುತ್ತದೆ. ಅಲ್ಲಿ ನೀರು ನಿಂತಿತು, ಇಲ್ಲಿ ನಿಲ್ಲಲೇ ಇಲ್ಲ. ಜನ ಮಾತ್ರ ಎರಡೂ ಕಡೆ ಹೋದರು. ಆ ಹೊಲಗಳೇ ಈಗ ಟರ್ಕಿಗಳು ಮೇಯುವ, ಗರಿ ಬಿಚ್ಚಿ ಕುಣಿಯುವ ಜಾಗ.

ಹಕ್ಕಿಯ ಕಥೆಯೂ ಕೇಳಬೇಕಾದದ್ದೇ. 1881ರ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಕಾಡು ಟರ್ಕಿ ಪೂರ್ತಿ ನಶಿಸಿತ್ತು. 1976ರಲ್ಲಿ ಮಿಸೌರಿ ರಾಜ್ಯಕ್ಕೆ ಗ್ರೌಸ್ ಹಕ್ಕಿಗಳನ್ನು ಕೊಟ್ಟು, ಬದಲಿಗೆ ಅಲ್ಲಿಯ ಟರ್ಕಿಗಳನ್ನು ತಂದು ಇದೇ ವರ್ನನ್ ಕೌಂಟಿಯಲ್ಲಿ ಬಿಟ್ಟರು. 1983ರಲ್ಲಿ ವಸಂತದ ಬೇಟೆ ಮತ್ತೆ ಶುರುವಾಯಿತು. ಕೋವಿ, ತೋಟಾಗಳ ಮೇಲೆ 1937ರ ಕಾಯ್ದೆಯಂತೆ ವಸೂಲಾಗುವ ಶೇ. 11ರ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಹಾಗೇ ಇರಬೇಕು. ಇಲ್ಲಿ ಲೆಕ್ಕ ಹಾಕಿ ಪರವಾನಗಿ ಕೊಡುತ್ತಾರೆ, ಆ ಹಣ ಹಕ್ಕಿಗೇ ಮರಳುತ್ತದೆ. ಇದು ಗೊತ್ತಾದ ಮೇಲೆಯೇ ನಾನು ಕೋವಿ ಹಿಡಿದದ್ದು.

ಈಗ ಕಾಗದಪತ್ರ. ಬೇಟೆಯ ಕಾಲ ಏಪ್ರಿಲ್‌ನ ಮೂರನೇ ಬುಧವಾರ ಶುರು. ಏಳೇಳು ದಿನದ ಆರು ಅವಧಿಗಳು, ಎ ಇಂದ ಎಫ್ ತನಕ. ರಾಜ್ಯವನ್ನು ವಲಯಗಳಾಗಿ ಹಂಚಿದ್ದಾರೆ. ನಿಮ್ಮ ಚೀಟಿ ಒಂದು ವಲಯಕ್ಕೆ, ಒಂದು ಅವಧಿಗೆ ಮಾತ್ರ. ಲಾಟರಿಗೆ ಅರ್ಜಿ ಹಾಕಲು ಡಿಸೆಂಬರ್ 10 ಕೊನೆ. ತಪ್ಪಿಹೋದರೆ ಮಿಕ್ಕ ಚೀಟಿಗಳನ್ನು ಮಾರ್ಚ್‌ನಲ್ಲಿ ಮಾರುತ್ತಾರೆ. ಕೊನೆಯ ಅವಧಿಗಳದ್ದು ಸುಲಭವಾಗಿ ಸಿಗುತ್ತದೆ. 1973ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಗತಿ ಮುಗಿಸಿರಬೇಕು. ಪೂರ್ತಿ ಹೊಸಬರಾದರೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ 'ಲರ್ನ್ ಟು ಹಂಟ್' ಕಾರ್ಯಕ್ರಮಕ್ಕೆ ಸೇರಿ. ಅನುಭವಸ್ಥರೊಬ್ಬರು ಪಕ್ಕದಲ್ಲೇ ಕೂತು ಕಲಿಸುತ್ತಾರೆ.

ನಮ್ಮವರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ನಿಷೇಧವಿದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ, ಆದ್ದರಿಂದ ತಾರೀಖಿನ ಮೇಲೆ ಕಣ್ಣಿರಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ವೀಸಾದ ವಿಷಯದಲ್ಲಿ ಗೆಳೆಯರ ಮಾತು ನಂಬಿ ಕೂರಬೇಡಿ, ವಲಸೆ ವಕೀಲರೊಬ್ಬರನ್ನು ಕೇಳಿಯೇ ಮುಂದುವರಿಯಿರಿ. ಬಿಲ್ಲು ಅಥವಾ ಕ್ರಾಸ್‌ಬೋ ಹಿಡಿದು ಹೋಗುವ ದಾರಿಯೂ ಇದೆ. ಕಷ್ಟದ ದಾರಿ, ಆದರೆ ಒಳ್ಳೆಯ ದಾರಿ.

ಯಾವ ಅವಧಿ ಕೇಳಬೇಕು? ಸ್ಥಳೀಯರಲ್ಲಿ ಅನೇಕರು ಎ, ಬಿ ಎನ್ನುತ್ತಾರೆ: ಹಕ್ಕಿಗಳು ಇನ್ನೂ ಬೆದರಿರುವುದಿಲ್ಲ, ಕೂಗು ಜೋರು. ನಿಜವೇ. ಆದರೆ ಆಗ ಹುಂಜದ ಸುತ್ತ ಹೇಂಟೆಗಳ ಹಿಂಡೇ ಇರುತ್ತದೆ. ಮರದಿಂದ ಇಳಿದದ್ದೇ ಅವುಗಳ ಬೆನ್ನು ಹತ್ತಿ ಹೋಗಿಬಿಡುತ್ತದೆ, ನೀವು ಎಷ್ಟು ಚೆನ್ನಾಗಿ ಕರೆದರೂ ತಿರುಗುವುದಿಲ್ಲ. ಇನ್ನೊಂದು ತೊಡಕು: ಪ್ರಕೃತಿಯಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದರ ಬಳಿಗೆ ಹೋಗುತ್ತದೆ. ಬೇಟೆಗಾರ ಹೇಂಟೆಯ ದನಿ ಮಾಡಿ ಹುಂಜವನ್ನೇ ಕರೆಸಿಕೊಳ್ಳಲು ನೋಡುತ್ತಾನೆ. ಕೈಯಳತೆಯಲ್ಲೇ ಹೇಂಟೆಗಳಿರುವಾಗ ಅದು ಯಾಕೆ ಬಂದೀತು? ಮೇ ಬಂತೆಂದರೆ ಲೆಕ್ಕ ಬದಲಾಗುತ್ತದೆ. ಹೇಂಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಬೆಳಗ್ಗೆ ಹುಂಜದ ಜತೆ ಇದ್ದು ಹೊತ್ತೇರಿದ ಮೇಲೆ ಗೂಡಿಗೆ ಜಾರಿಕೊಳ್ಳುತ್ತದೆ. ಆಮೇಲೆ 28 ದಿನ ಕಾವು. ಒಂಬತ್ತರಿಂದ ಹನ್ನೆರಡರ ನಡುವೆ ಹುಂಜ ಒಬ್ಬಂಟಿಯಾಗಿ ತಿರುಗುತ್ತಿರುತ್ತದೆ. ನನ್ನ ಸಲಹೆ ಸಿ ಇಲ್ಲವೇ ಡಿ ಅವಧಿ. ಒಂದು ಎಚ್ಚರಿಕೆ: ವೈಲ್ಡ್‌ಕ್ಯಾಟ್ ಮೌಂಟನ್‌ನಂಥ ರಾಜ್ಯ ಉದ್ಯಾನಗಳಲ್ಲಿ ಬೇಟೆ ಮೇ 3ರ ಆಸುಪಾಸಿನ ಮಂಗಳವಾರಕ್ಕೇ ಮುಗಿಯುತ್ತದೆ. ಆಮೇಲಿನ ಅವಧಿಯವರು ಬೇರೆ ಜಾಗ ಗೊತ್ತುಮಾಡಿಕೊಳ್ಳಬೇಕು.

ಕೋವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 12 ಗೇಜ್ ಆಗಲಿ 20 ಗೇಜ್ ಆಗಲಿ, ಬಿಗಿ ಚೋಕ್ (ಚರೆ ಹೆಚ್ಚು ಚದುರದಂತೆ ನಳಿಗೆಯ ಬಾಯಿಗೆ ಹಾಕುವ ಕಿರುಕೊಳವೆ) ಹಾಕಿ, ಬೇಟೆಗೆ ಒಯ್ಯುವ ಅದೇ ತೋಟಾದಿಂದ 40 ಗಜದಲ್ಲಿ ಕಾಗದಕ್ಕೆ ಹೊಡೆದು ನೋಡಿ. 10 ಅಂಗುಲದ ವೃತ್ತದೊಳಗೆ ನೂರರ ಸುಮಾರು ಚರೆ ಬೀಳದಿದ್ದರೆ ದೂರ ಕಡಿಮೆ ಮಾಡಿಕೊಳ್ಳಿ. ಗುರಿ ಕತ್ತಿನ ಬುಡಕ್ಕೆ. ಎದೆಗೆ ಹೊಡೆದರೆ ಗಾಯಗೊಂಡ ಹಕ್ಕಿ ತಪ್ಪಿಸಿಕೊಂಡು ನರಳಿ ಸಾಯುತ್ತದೆ. 40 ಗಜದಾಚೆಯ ಹಕ್ಕಿಯನ್ನು ಬಿಟ್ಟುಬಿಡಿ, ನಾಳೆ ಇದ್ದೇ ಇದೆ.

ಅದಕ್ಕಿಂತ ಮುಖ್ಯವಾದದ್ದು ಉಣುಗು. ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಇಲ್ಲಿಯ ಕಪ್ಪುಗಾಲಿನ ಉಣುಗು ಲೈಮ್ ಕಾಯಿಲೆ ಹರಡುತ್ತದೆ, ಮೇ ತಿಂಗಳು ಅದಕ್ಕೆ ಹಬ್ಬ. ಶೇ. 0.5ರ ಪರ್ಮೆಥ್ರಿನ್ ದ್ರಾವಣವನ್ನು ಹಿಂದಿನ ದಿನವೇ ಬಟ್ಟೆ, ಶೂಗಳಿಗೆ ಸಿಂಪಡಿಸಿ ಒಣಗಿಸಿ (ಮೈಗೆ ಹಚ್ಚಬಾರದು). ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದದ್ದೇ ಸ್ನಾನ, ಕಂಕುಳು, ಮಂಡಿಯ ಹಿಂಭಾಗ, ತಲೆಕೂದಲು ಎಲ್ಲ ತಡವಿ ನೋಡಿ.

ಟರ್ಕಿಗೆ ವಾಸನೆ ಹಿಡಿಯುವ ಶಕ್ತಿ ಅಷ್ಟಕ್ಕಷ್ಟೆ. ಕಣ್ಣು ಮಾತ್ರ ಅಸಾಧಾರಣ, ಬಣ್ಣ ಗುರುತಿಸುತ್ತದೆ. ಮುಖಕ್ಕೆ ಜಾಲರಿ, ಕೈಗೆ ಗವಸು ಬೇಕೇ ಬೇಕು. ಕೆಂಪು, ಬಿಳಿ, ನೀಲಿ ಬಟ್ಟೆ ಒಂದೆಳೆಯೂ ಇರಬಾರದು, ಕರವಸ್ತ್ರ ಕೂಡ. ಗಂಡು ಟರ್ಕಿಯ ತಲೆಗೆ ಇರುವುದು ಅದೇ ಬಣ್ಣಗಳು, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹಕ್ಕಿ ಎಂದುಕೊಂಡಾನು. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂತುಕೊಳ್ಳಿ. ಟರ್ಕಿಯ ದನಿ ಕೇಳಿದ ಕಡೆಗೆ ಯಾವತ್ತೂ ನುಸುಳಿಕೊಂಡು ಹೋಗಬೇಡಿ, ಆ ದನಿ ಮನುಷ್ಯನದೇ ಇರಬಹುದು. ಯಾರಾದರೂ ಹತ್ತಿರ ಬಂದರೆ ಕೈ ಬೀಸದೆ ಜೋರಾಗಿ ಮಾತಾಡಿ. ಬೇಟೆ ಹಾಳಾದರೆ ಆಗಲಿ.

ಕರೆಯುವ ಸಾಧನಗಳಲ್ಲಿ ಹೊಸಬರಿಗೆ ಮರದ ಬಾಕ್ಸ್ ಕಾಲ್ ಸುಲಭ. ಸ್ಲೇಟ್ ಬಿಲ್ಲೆಯ ಮೇಲೆ ಕಡ್ಡಿ ತೀಡುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಬಾಯೊಳಗೆ ಇಟ್ಟುಕೊಳ್ಳುವ ಡಯಾಫ್ರಮ್ ಕಲಿಯಲು ತಿಂಗಳುಗಳೇ ಬೇಕು, ಆದರೆ ಕೈ ಅಲುಗದೆ ದನಿ ಮಾಡಲು ಅದಕ್ಕೆ ಸಮನಾದದ್ದಿಲ್ಲ. ಎರಡು ದನಿ ಚೆನ್ನಾಗಿ ಬಂದರೆ ಸಾಕು: ಕರೆಯುವ ಯೆಲ್ಪ್, ಮೇಯುವಾಗಿನ ಸಣ್ಣ ಕ್ಲಕ್. ಅದಕ್ಕೂ ಮೇಲಾದದ್ದು ಬರಿಗೈಯಿಂದ ತರಗೆಲೆ ಕೆದರುವ ಸದ್ದು.

ಈ ಸಲ ಜತೆಗಿದ್ದವನು ಸಕಲೇಶಪುರದ ಕಡೆಯ ಗೆಳೆಯ. ನನಗಿಂತ ಚೆನ್ನಾಗಿ ಕರೆಯುತ್ತಾನೆ. ಹಿಂದಿನ ಸಂಜೆ ಕತ್ತಲಾಗುವಾಗ ದಿಣ್ಣೆಯ ಮೇಲೆ ನಿಂತು ಅವನು ಗೂಬೆಯ ದನಿ ಮಾಡಿದ. ಕೆಳಗಿನ ಓಕ್ ಮರಗಳಿಂದ ಹುಂಜವೊಂದು ತಡೆಯಲಾರದೆ ಕೂಗಿಬಿಟ್ಟಿತು. ಎಲ್ಲಿ ಮಲಗುತ್ತದೆ ಎಂದು ತಿಳಿಯಲು ಇದೇ ಉಪಾಯ. ಮೇಲಿನ ಪಾಳು ಹೊಲದ ಅಂಚಿನ ಮಣ್ಣಿನಲ್ಲಿ ರೆಕ್ಕೆ ಎಳೆದ ಗೆರೆಗಳು, ಹೆಜ್ಜೆ ಗುರುತು, ಒಂದೆರಡು ಗರಿ ಇದ್ದವು. ಗರಿ ಬಿಚ್ಚಿ ಕುಣಿಯುವ ಜಾಗ ಅದೇ ಎಂದು ಖಾತ್ರಿಯಾಯಿತು. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ರಾತ್ರಿ ಕಾರು ಓಡಿಸುವಾಗ ಆಮಿಶ್ ಜನರ ಕುದುರೆಗಾಡಿಗಳನ್ನು ನೋಡಿಕೊಂಡು ಹೋಗಿ.

ವರ್ಷದ ಆ ಹೊತ್ತಿನಲ್ಲಿ ಸೂರ್ಯ ಹುಟ್ಟುವುದು ಐದೂಮುಕ್ಕಾಲರ ಸುಮಾರಿಗೆ, ಈಡು ಹೊಡೆಯಲು ಅರ್ಧ ಗಂಟೆ ಮುಂಚಿನಿಂದ ಅವಕಾಶ. ನಾವು ಕತ್ತಲಲ್ಲೇ ಹತ್ತಿ ಕೂತೆವು. ನೆಲದ ತುಂಬ ಟ್ರಿಲಿಯಂ ಹೂವಿನ ಬಿಳುಪು. ಹುಂಜ ಮರದ ಮೇಲಿಂದಲೇ ಮತ್ತೆ ಮತ್ತೆ ಕೂಗಿತು, ಇಳಿಯಿತು, ಹೇಂಟೆಗಳ ಜತೆ ಎದುರು ಇಳಿಜಾರಿಗೆ ಹೊರಟೇಹೋಯಿತು. ಹಿಂದಿನ ವರ್ಷಗಳಲ್ಲಿ ಕಂಡದ್ದೂ ಇದನ್ನೇ. ಏಳು ಗಂಟೆಗೆ ಕಾಡು ಸ್ತಬ್ಧ. ದೂರದ ರಸ್ತೆಯಲ್ಲಿ ಬೇರೆ ಬೇಟೆಗಾರರ ಟ್ರಕ್ಕುಗಳು ಹೊರಟ ಸದ್ದು ಕೇಳಿಸಿತು.

ನಾವು ಏಳಲಿಲ್ಲ. ಬೆನ್ನಿಗೆ ಮರ, ಕುಂಡೆಗೆ ದಪ್ಪ ಮೆತ್ತೆ, ಜೇಬಿನಲ್ಲಿ ಚಪಾತಿ ಸುರುಳಿ. ಹಾಗೆ ಕೂರಲು ಬೇಕಾದ ಅನುಕೂಲವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಸೊಂಟ ನೋಯತೊಡಗಿದರೆ ಅಲುಗಾಡುತ್ತೀರಿ, ಅಲುಗಾಡಿದರೆ ಮುಗಿಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಗೆಳೆಯ ಮೆಲ್ಲಗೆ ಎರಡು ಯೆಲ್ಪ್, ಆಮೇಲೆ ಎಲೆ ಕೆದರುವುದು. ಅಷ್ಟೇ. ಒಂಬತ್ತರ ನಂತರ ಒಂದು ಹೇಂಟೆ ನಮ್ಮ ಮುಂದಿನಿಂದಲೇ, ಯಾರಿಗೂ ಕಾಣಬಾರದೆಂಬಂತೆ ತಲೆ ತಗ್ಗಿಸಿ, ಪೊದೆಗಳ ಕಡೆ ಹೋಯಿತು. ಗೂಡಿಗೆ ಹೊರಟಿದೆ ಎಂದು ಇಬ್ಬರಿಗೂ ತಿಳಿಯಿತು.

ಹತ್ತು ದಾಟಿದ ಮೇಲೆ ಕೆಳಗಿನಿಂದ ಒಂದೇ ಒಂದು ಕೂಗು. ಗೆಳೆಯ ಒಮ್ಮೆ ಉತ್ತರ ಕೊಟ್ಟು ಸುಮ್ಮನಾದ. ಮತ್ತೆ ಕೂಗಿತು, ಹತ್ತಿರದಿಂದ. ಇಲ್ಲೇ ಎಲ್ಲರಿಗೂ ಮತ್ತೆ ಕರೆಯುವ ಆಸೆ ಹುಟ್ಟುತ್ತದೆ. ಕರೆದರೆ ಹುಂಜ ನಿಂತಲ್ಲೇ ನಿಂತು, ಹೇಂಟೆಯೇ ಬರಲಿ ಎಂದು ಕಾಯುತ್ತದೆ. ಸುಮ್ಮನಿದ್ದರೆ ಹುಡುಕಿಕೊಂಡು ಬರುತ್ತದೆ. ನಿಮಿಷಗಳು ಕಳೆದವು. ಮೊದಲು ತಲುಪಿದ್ದು ದೂರದ ಲಾರಿಯ ಇಂಜಿನ್ ಗುಡುಗಿದಂಥ ತಗ್ಗಿನ ಸದ್ದು, ಕಿವಿಗಿಂತ ಎದೆಗೆ ತಾಕುವಂಥದ್ದು. ಗರಿ ಬಿಚ್ಚಿದ ಹುಂಜ ಮಾತ್ರ ಮಾಡುವ ಸದ್ದು ಅದು.

"ಅಲುಗಬೇಡ ಮಾರಾಯ, ಎಡಕ್ಕೆ ಬರ್ತಾ ಉಂಟು," ಗೆಳೆಯ ಉಸಿರಲ್ಲೇ ಹೇಳಿದ.

ದಿಣ್ಣೆಯ ಅಂಚಿನಿಂದ ಮೊದಲು ಬಿಳಿ ನೆತ್ತಿ, ಆಮೇಲೆ ಕೆಂಪು ಕತ್ತು, ಆಮೇಲೆ ಬೀಸಣಿಗೆಯಾಗಿ ಹರಡಿದ ಬಾಲ. ಬಿಸಿಲಿಗೆ ಎದೆಯ ಗರಿಗಳು ತಾಮ್ರ, ಹಸಿರು, ಕಪ್ಪು ಎಂದು ಬಣ್ಣ ಬದಲಿಸುತ್ತಿದ್ದವು. ಇಷ್ಟು ವರ್ಷ ಕಾದದ್ದು ಈ ನೋಟಕ್ಕೇ ಎನ್ನಿಸಿ ಕಣ್ಣು ಮಂಜಾಯಿತು. ಅದರ ತಲೆ ದಪ್ಪ ಮರವೊಂದರ ಹಿಂದೆ ಮರೆಯಾದಾಗ ಕೋವಿ ಎತ್ತಿ ಹಿಡಿದೆ. ಕೋವಿ ಎತ್ತಲು ಸಿಗುವ ಸಮಯ ಅದೊಂದೇ. 30 ಗಜ. ಗರಿ ಮಡಚಿ ಕತ್ತು ನೀಳ ಮಾಡಿ ನೋಡಿತು. ಹೊಡೆದೆ. ಅಲ್ಲೇ ಬಿತ್ತು.

21 ಪೌಂಡ್ ತೂಕ, ಎದೆಯ ಕೂದಲ ಗಡ್ಡ 10 ಅಂಗುಲ, ಕಾಲಿನ ಮುಳ್ಳು ಒಂದು ಅಂಗುಲ ದಾಟಿತ್ತು. ಮೂರು ವರ್ಷದ ಹುಂಜ ಇರಬೇಕು. ಹೊತ್ತು ತರುವಾಗ ಕಿತ್ತಳೆ ಬಣ್ಣದ ಚೀಲದಲ್ಲಿ ಹಾಕಿಕೊಳ್ಳಿ. ಮಾರನೆಯ ದಿನ ಸಂಜೆ 5 ಗಂಟೆಯೊಳಗೆ ಫೋನ್‌ನಲ್ಲೋ ಆನ್‌ಲೈನ್‌ನಲ್ಲೋ ನೋಂದಾಯಿಸುವುದು ಕಡ್ಡಾಯ. ಸಿಗ್ನಲ್ ಇರುವ ಊರು ತಲುಪಿದ ತಕ್ಷಣ ಮುಗಿಸಿಬಿಡಿ.

ಅಡುಗೆಗೆ ಬಂದರೆ, ಎದೆ ಮಾಂಸದಲ್ಲಿ ಕೊಬ್ಬಿಲ್ಲ, ಹೆಚ್ಚು ಬೇಯಿಸಿದರೆ ನಾರಾಗುತ್ತದೆ. ತೆಳ್ಳಗೆ ಸೀಳಿ, ಕಾಳುಮೆಣಸು, ನಿಂಬೆರಸ ಹಚ್ಚಿ ಬಿಸಿ ಬಾಣಲೆಯಲ್ಲಿ ಬೇಗ ಹುರಿದು ತೆಗೆಯಿರಿ. ಕಾಲುಗಳನ್ನು ಇಲ್ಲಿ ಬಹಳ ಜನ ಎಸೆಯುತ್ತಾರೆ, ಸ್ನಾಯುವಿನ ಗಟ್ಟಿ ಕಡ್ಡಿಗಳಿವೆಯೆಂದು. ಎಸೆಯಬೇಡಿ. ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿದರೆ ಮೂಳೆಯಿಂದ ಮಾಂಸ ತಾನಾಗಿ ಬಿಡುತ್ತದೆ, ಕಡ್ಡಿಗಳನ್ನು ಎಳೆದು ತೆಗೆಯಬಹುದು. ಆ ನೀರನ್ನು ಚೆಲ್ಲದೆ ಹುರಿದ ಕೊತ್ತಂಬರಿ, ಮೆಣಸು, ತೆಂಗಿನಕಾಯಿ ರುಬ್ಬಿ ಹಾಕಿ ಸಾರು ಮಾಡಿ. ನಾವು ಅದನ್ನು ಅಕ್ಕಿ ಕಡುಬಿನ ಜತೆ ತಿಂದೆವು, ಎರಡು ಮನೆಯವರಿಗೂ ಎರಡು ಹೊತ್ತಿಗೆ ಸಾಲುವಷ್ಟಾಯಿತು.