ನೆಲಮಾಳಿಗೆಯ ಬಿಸಿಲು

"ಬಿಸಿಲು ಸಾರ್, ಅದಕ್ಕೇ ಬಿಸಿಯಾಗಿದೆ."

ಹೀಗೆಂದವರು ಕಾರಿನ ಮಾಲೀಕರು. ಹೇಳಿದ್ದು ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಿಂತು. ತಲೆಯ ಮೇಲೆ ಕಾಂಕ್ರೀಟ್ ಚಾವಣಿ, ಅದರ ಮೇಲೆ ಮನೆಗಳ ಮೇಲೆ ಮನೆಗಳು, ಹಗಲಿನಲ್ಲೂ ಉರಿಯುವ ಟ್ಯೂಬ್‌ಲೈಟು. ಸೂರ್ಯ ಅಲ್ಲಿಗೆ ಬರಬೇಕಾದರೆ ಲಿಫ್ಟ್‌ನಲ್ಲಿ ಇಳಿದೇ ಬರಬೇಕು. ಭಾನುವಾರ ಕೇಳಿದ ಈ ಮಾತು ವಾರ ಮುಗಿಯುತ್ತ ಬಂದರೂ ನನ್ನನ್ನು ಬಿಟ್ಟಿಲ್ಲ. ಹಲ್ಲುಜ್ಜುವಾಗ ನೆನಪಾದರೆ ನಗು ಬರುತ್ತದೆ, ಕಚೇರಿಯಲ್ಲಿ ನೆನಪಾದರೆ ಸಿಟ್ಟು ಬರುತ್ತದೆ.

ಸೆಕೆಂಡ್‌ಹ್ಯಾಂಡ್ ದುಬಾರಿ ಕಾರು ಬೇಕಾಗಿದ್ದು ನನ್ನ ಭಾವಮೈದುನನಿಗೆ. ಒಳ್ಳೆಯ ಹುಡುಗ, ಚೆನ್ನಾಗಿ ದುಡಿಯುತ್ತಾನೆ. ಆದರೆ ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳನ್ನು ಮಾತ್ರ ಓದುವ ಸ್ವಭಾವ. ಸಣ್ಣ ಅಕ್ಷರ ಓದುವ ಕೆಲಸ ಸಂಸಾರದಲ್ಲಿ ಹೇಗೋ ನನ್ನ ಪಾಲಿಗೆ ಬಂದಿದೆ. "ಭಾವ, ಸಾಧಾರಣ ಹೊಸ ಕಾರಿನ ದುಡ್ಡಿಗೆ ಇಂಥ ಕಾರು ಬರುತ್ತದೆ. ಚರ್ಮದ ಸೀಟು, ಏರ್ ಸಸ್ಪೆನ್ಷನ್, ಬಾಗಿಲು ಹಾಕಿಕೊಂಡರೆ ಹೊರಗಿನ ಸದ್ದೇ ಇಲ್ಲ. ಇನ್ನೇನು ಬೇಕು?" ಎನ್ನುವುದು ಅವನ ವಾದ. ವಾದದಲ್ಲಿ ಸುಳ್ಳಿಲ್ಲ. ದುಬಾರಿ ಕಾರುಗಳ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ದಡಕ್ಕನೆ ಬೀಳುತ್ತದೆ. ಬೀಳದೆ ಉಳಿಯುವುದು ಬಿಡಿಭಾಗಗಳ ಬೆಲೆ. ಕಾರಿಗೆ ಹತ್ತು ವರ್ಷ ತುಂಬಿತು ಎಂದು ಅದರ ಹೆಡ್‌ಲೈಟನ್ನು ಯಾರೂ ಅಗ್ಗಕ್ಕೆ ಕೊಡುವುದಿಲ್ಲ. ಹೆಡ್‌ಲೈಟ್ ಎಂದರೆ ಈಗ ಬಲ್ಬು ಬದಲಿಸಿ ಮುಗಿಸುವ ವಸ್ತುವೂ ಅಲ್ಲ. ಎಲ್‌ಇಡಿ, ದಿಕ್ಕು ತಿರುಗಿಸುವ ಮೋಟಾರು, ಸರ್ಕ್ಯೂಟು ಎಲ್ಲವನ್ನೂ ಒಳಗಿಟ್ಟು ಸೀಲ್ ಮಾಡಿದ ಪೆಟ್ಟಿಗೆ ಅದು. ಒಳಗಿನ ಒಂದು ಕೆಟ್ಟರೂ ಬಹಳಷ್ಟು ಮಾದರಿಗಳಲ್ಲಿ ಪೆಟ್ಟಿಗೆಯನ್ನೇ ಬದಲಿಸಬೇಕು.

ಜೊತೆಗೆ ಒಬ್ಬ ಮೆಕ್ಯಾನಿಕ್‌ರನ್ನು ಕರೆದುಕೊಂಡು ಹೋಗೋಣ ಎಂದವನು ನಾನು. ವಯಸ್ಸಾದವರು, ಮಾತು ಕಡಿಮೆ, ಶುಲ್ಕ ಮೊದಲೇ ಹೇಳುತ್ತಾರೆ. "ಬರೀ ನೋಡುವುದಕ್ಕೂ ದುಡ್ಡೇ?" ಎಂದು ಭಾವಮೈದುನ ದಾರಿಯುದ್ದಕ್ಕೂ ಗೊಣಗಿದ. ಒಂದು ಟೈರಿನ ಬೆಲೆಗೂ ಸಾಟಿಯಾಗದ ಶುಲ್ಕಕ್ಕೆ ಗೊಣಗುವವರು ಅಗಲ ಟೈರಿನ ಕಾರಿನ ತಂಟೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಯಿಬಿಟ್ಟು ಹೇಳಲಿಲ್ಲ, ಹೆಂಡತಿ ಹಿಂದಿನ ಸೀಟಿನಲ್ಲಿದ್ದಳು.

ಕಾರು ನೋಡಿದರೆ ಯಾರಿಗಾದರೂ ಆಸೆಯಾಗಬೇಕು, ಹಾಗಿತ್ತು. ಕಪ್ಪು ಬಣ್ಣ, ಆಗಷ್ಟೇ ಪಾಲಿಶ್ ಮಾಡಿದ ಮೈ. ಭಾವಮೈದುನ ನೇರವಾಗಿ ಬಾಗಿಲು ತೆಗೆದು ಸ್ಟಿಯರಿಂಗ್ ಹಿಡಿದು ಕೂತ. ಮೆಕ್ಯಾನಿಕ್ ಬಾಗಿಲ ಕಡೆಗೆ ಹೋಗಲೇ ಇಲ್ಲ. ಬಾನೆಟ್ ಮೇಲೆ ಅಂಗೈ ಊರಿ ಹಾಗೇ ನಿಂತರು. ಎಂಜಿನ್ ಎಣ್ಣೆ ಬೆರಳಿನ ಗೆರೆಗಳಲ್ಲಿ ಕಾಯಂ ಆಗಿ ಕೂತ ಕೈ ಅದು.

"ಬೆಳಿಗ್ಗೆ ಓಡಿಸಿದ್ದಿರಾ ಸಾರ್?"

"ಇಲ್ಲ, ನಿನ್ನೆಯಿಂದ ಇಲ್ಲೇ ನಿಂತಿದೆ."

"ಬಾನೆಟ್ ಬಿಸಿ ಇದೆಯಲ್ಲ?"

ಆಗ ಬಂದದ್ದು ಆ ಮಾತು. ಬಿಸಿಲು ಸಾರ್.

ಮೆಕ್ಯಾನಿಕ್ ತಲೆ ಎತ್ತಿ ಟ್ಯೂಬ್‌ಲೈಟನ್ನು ಒಮ್ಮೆ ನೋಡಿದರು. "ಹೌದು, ಈಚೆಗೆ ಸೆಕೆ ಜಾಸ್ತಿ" ಎಂದರು. ಅಷ್ಟೇ. ನಾನಾಗಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ.

ಬಿಸಿ ಎಂಜಿನ್ ಕಂಡರೆ ಏಕೆ ಅನುಮಾನಿಸಬೇಕು ಎಂಬುದು ನನಗೆ ತಿಳಿದದ್ದು ವಾಪಸು ಬರುವ ದಾರಿಯಲ್ಲಿ. ರಾತ್ರಿಯೆಲ್ಲ ನಿಂತ ಎಂಜಿನ್‌ನಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ. ಎಂಜಿನ್ನಿನ ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂಥದ್ದು. ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು, ಆ ಒತ್ತಡ ಏರುವವರೆಗೆ, ಸವೆದ ಚೈನು ಗಲಗಲ ಸದ್ದು ಮಾಡುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಕೊಳ್ಳುವವನು ಕೇಳಬೇಕಾದದ್ದು ಆ ಕೆಲವು ಸೆಕೆಂಡುಗಳನ್ನೇ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್‌ನಲ್ಲಿ ಅವು ಸಿಗುವುದಿಲ್ಲ.

ಚೈನೆಂದರೆ ಎಷ್ಟು ಮಹಾ ಎಂದು ಭಾವಮೈದುನ ಕೇಳಿದ. ಉದಾಹರಣೆಗೆ, ಬಿಎಂಡಬ್ಲ್ಯೂ 2007ರಲ್ಲಿ ತಂದ ಎನ್47 ಡೀಸೆಲ್ ಎಂಜಿನ್‌ನಲ್ಲಿ ಈ ಚೈನು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ ಇದೆ. ಅದನ್ನು ಮುಟ್ಟಬೇಕಾದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕಳಚಿ ಇಳಿಸಬೇಕು. ಚೈನಿನ ಬೆಲೆ ಒಂದಾದರೆ ಅದನ್ನು ತಲುಪುವ ಕೂಲಿ ಅದರ ಎಷ್ಟೋ ಪಟ್ಟು. ದುಬಾರಿ ಕಾರಿನ ರಿಪೇರಿ ಬಿಲ್ಲಿನಲ್ಲಿ ದುಡ್ಡು ಹೆಚ್ಚಾಗಿ ಹೋಗುವುದು ಕೆಟ್ಟ ಭಾಗಕ್ಕಿಂತ ಅದರ ದಾರಿಗೆ ಅಡ್ಡ ಕೂತ ಒಳ್ಳೆಯ ಭಾಗಗಳನ್ನು ಬಿಚ್ಚಿ ಜೋಡಿಸುವುದಕ್ಕೆ.

ಆದರೆ ಅಂದು ಮೆಕ್ಯಾನಿಕ್ ಹಿಡಿದದ್ದು ಚೈನನ್ನಲ್ಲ. ಅವರು ಮುಂದಿನ ಎಡ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಬೆರಳು ತೂರಿಸಿದರು. ನಾಲ್ಕು ಬೆರಳು ಸಲೀಸಾಗಿ ಹೋದವು. ಬಲಗಡೆಯೂ ನಾಲ್ಕು. ಆಮೇಲೆ ಯಾವ ಅವಸರವೂ ಇಲ್ಲದೆ ಕಾಗದಪತ್ರ ಕೇಳಿದರು, ಕುಡಿಯಲು ನೀರು ಕೇಳಿದರು, ಮಾಲೀಕರ ಮಕ್ಕಳು ಎಷ್ಟನೇ ತರಗತಿ ಎಂದು ವಿಚಾರಿಸಿದರು. ಇಷ್ಟು ಮಾತು ಅವರ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಮಾಲೀಕರು ಮಾತ್ರ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, "ಒಂದು ರೌಂಡ್ ಓಡಿಸಿ ನೋಡಿಬಿಡಿ" ಎಂದು ಮತ್ತೆ ಮತ್ತೆ ಕೀಲಿ ಚಾಚುತ್ತಿದ್ದರು. ಸಾಕಷ್ಟು ಹೊತ್ತಾದ ಮೇಲೆ ಮೆಕ್ಯಾನಿಕ್ ಎಡ ಚಕ್ರದ ಬಳಿ ಮತ್ತೆ ಕೂತರು. ಈ ಸಲ ಎರಡೇ ಬೆರಳು ಹೋದವು.

ಏರ್ ಸಸ್ಪೆನ್ಷನ್ ಎಂದರೆ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರಿನ ಚೀಲ. ಮರ್ಸಿಡಿಸ್ 1998ರಲ್ಲಿ ಎಸ್-ಕ್ಲಾಸ್‌ಗೆ ಏರ್‌ಮ್ಯಾಟಿಕ್ ಎಂಬ ಇಂಥ ವ್ಯವಸ್ಥೆ ಕೊಟ್ಟ ಮೇಲೆ ಈ ಸುಖ ದೊಡ್ಡ ಕಾರುಗಳಲ್ಲೆಲ್ಲ ಹಬ್ಬಿತು. ಸುಖವೇನೋ ನಿಜ. ಆದರೆ ರಬ್ಬರು ರಬ್ಬರೇ, ವರ್ಷ ಕಳೆದಂತೆ ಸೀಳುಬಿಟ್ಟು ಗಾಳಿ ಸೋರುತ್ತದೆ. ನಿಂತ ಕಾರು ಒಂದು ಮೂಲೆಯಲ್ಲಿ ಕುಸಿಯುತ್ತದೆ. ಎಂಜಿನ್ ಓಡಿಸಿದರೆ ಕಂಪ್ರೆಸರ್ ಗಾಳಿ ತುಂಬಿ ಮತ್ತೆ ಎತ್ತಿ ನಿಲ್ಲಿಸುತ್ತದೆ. ಬಿಡುವಿಲ್ಲದೆ ತುಂಬಿ ತುಂಬಿ ಆ ಕಂಪ್ರೆಸರ್ ಕೂಡ ಒಂದು ದಿನ ಸುಟ್ಟುಹೋಗುತ್ತದೆ. ಚೀಲ ಸೋರಲು ಶುರುವಾದಾಗಲೇ ಬದಲಿಸಿದ್ದರೆ ಒಂದೇ ಖರ್ಚು; ನೋಡೋಣ ಎಂದು ಬಿಟ್ಟರೆ ಎರಡು. ನಾವು ಬರುವ ಮುನ್ನ ಎಂಜಿನ್ ಓಡಿಸಿದ್ದು ಕುಸಿದ ಕಾರನ್ನು ಎದ್ದು ನಿಲ್ಲಿಸಲು. ಬಾನೆಟ್ಟಿಗೆ ತಗುಲಿದ ಬಿಸಿಲು ಇದೇ.

ಕಾರಿನ ಕಂಪ್ಯೂಟರ್ ಗುರುತಿಸಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ಚುಚ್ಚಿದಾಗ ದೋಷದ ಸಂಕೇತ ಒಂದೂ ಇರಲಿಲ್ಲ. ಭಾವಮೈದುನನ ಮುಖ ಅರಳಿತು. ಮೆಕ್ಯಾನಿಕ್ ಪರದೆಯನ್ನು ನನ್ನ ಕಡೆ ತಿರುಗಿಸಿ ಇನ್ನೊಂದು ಪಟ್ಟಿ ತೋರಿಸಿದರು. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮುಂತಾದವನ್ನು ಕಾರಿನ ಕಂಪ್ಯೂಟರ್ ತಾನೇ ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಸಂಕೇತಗಳನ್ನು ಅಳಿಸಿದರೆ ಆ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ, ಕಾರು ಬಗೆಬಗೆಯ ವೇಗದಲ್ಲಿ ಒಂದಷ್ಟು ಓಡಿದ ಮೇಲಷ್ಟೇ ಮತ್ತೆ ಪೂರ್ಣವಾಗುತ್ತದೆ. ಈ ಕಾರಿನಲ್ಲಿ ಮುಕ್ಕಾಲು ಪಾಲು "ಅಪೂರ್ಣ". "ಬ್ಯಾಟರಿ ಬಿಚ್ಚಿ ಹಾಕಿದರೂ ಹೀಗಾಗಬಹುದು" ಎಂದು ಅವರೇ ಮಾಲೀಕರ ಪರ ವಹಿಸಿ ಹೇಳಿದರು. ಆ ಮನುಷ್ಯನ ನ್ಯಾಯಬುದ್ಧಿ ನನಗೆ ಹಿಡಿಸಿತು. ಮಾಲೀಕರು ಆ ನೆವವನ್ನು ತಕ್ಷಣ ಹಿಡಿದುಕೊಂಡು, "ಹೌದು ಹೌದು, ಬ್ಯಾಟರಿ" ಎಂದರು.

ನನ್ನ ಕಣ್ಣು ಹೋದದ್ದು ಬಿಲ್ಲುಗಳ ಕಡತದ ಕಡೆಗೆ. ನೋಂದಣಿ ಪತ್ರದ ಪ್ರಕಾರ ಇವರು ಎರಡನೆಯ ಮಾಲೀಕರು. ಮೊದಲನೆಯವರ ಕಾಲದ ಬಿಲ್ಲುಗಳು ಒಂದರ ಹಿಂದೊಂದು ದಿನಾಂಕದ ಪ್ರಕಾರ ಇವೆ. ಇವರ ಕೈಗೆ ಬಂದ ಮೇಲೆ ಕಡತ ತೆಳುವಾಗುತ್ತ ಹೋಗುತ್ತದೆ. ಎಂಜಿನ್ ಎಣ್ಣೆ ಆಗೊಮ್ಮೆ ಈಗೊಮ್ಮೆ. ನಾಲ್ಕು ಚಕ್ರಕ್ಕೆ ಮೂರು ಕಂಪನಿಯ ಟೈರು. ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಗೇರ್‌ಬಾಕ್ಸ್ ಎಣ್ಣೆಯನ್ನು ಬದಲಿಸಬೇಕಾಗಿಯೇ ಇಲ್ಲ ಎಂದು ಕೆಲವು ಕಾರು ಕಂಪನಿಗಳು ಹೇಳುವುದುಂಟು. ಅದೇ ಗೇರ್‌ಬಾಕ್ಸ್ ತಯಾರಿಸಿಕೊಡುವ ಝಡ್‌ಎಫ್ ಸಂಸ್ಥೆ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಎನ್ನುತ್ತದೆ. ಕಾರು ಮಾರುವವರ ಮಾತಿಗಿಂತ ಗೇರ್‌ಬಾಕ್ಸ್ ಮಾಡಿದವರ ಮಾತು ನನಗೆ ಮುಖ್ಯ.

ಅಲ್ಲಿಂದ ಮುಂದೆ ಆ ಮನುಷ್ಯರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು ಎಂದೇ ಹೇಳಬೇಕು. ಅವರೂ ಒಂದು ದಿನ ಭಾವಮೈದುನನ ಹಾಗೆಯೇ ಸ್ಟಿಯರಿಂಗ್ ಹಿಡಿದು ಕೂತವರು. ಹೊಸ ಸಾಧಾರಣ ಕಾರಿನ ದುಡ್ಡಿಗೆ ಇಂಥದ್ದು ಬರುತ್ತದೆ ಎಂಬ ಅದೇ ಲೆಕ್ಕ ಹಾಕಿದವರು. ಕೊಳ್ಳುವಷ್ಟು ದುಡ್ಡಿತ್ತು, ಸಾಕುವಷ್ಟು ಇರಲಿಲ್ಲ. ಮೊದಲ ದೊಡ್ಡ ಬಿಲ್ಲು ನೋಡಿ ಮುಂದಿನ ತಿಂಗಳು ಎಂದಿರಬೇಕು. ಆಮೇಲೆ ಮುಂದಿನ ವರ್ಷ ಎಂದಿರಬೇಕು. ಹೀಗೆ ಮುಂದೂಡಿದ ಖರ್ಚನ್ನೆಲ್ಲ ಕಾರಿನೊಳಗೇ ಕೂಡಿಟ್ಟು ಈಗ ಮೂರನೆಯವನ ಕೈಗೆ ದಾಟಿಸಲು ನಿಂತಿದ್ದರು. ಕಡಿಮೆ ಬೆಲೆ ಎಂದು ನಮಗೆ ಕಂಡದ್ದರಲ್ಲಿ ದೊಡ್ಡ ಪಾಲು ಅದೇ. ನಿಜ ಹೇಳಿದ್ದರೆ ಅವರಿಗೇ ಲಾಭವಿತ್ತು: "ಎಡಗಡೆ ಗಾಳಿ ಸೋರುತ್ತದೆ, ಅಷ್ಟು ಕಡಿಮೆ ಕೊಡಿ" ಎಂದಿದ್ದರೆ ಚೌಕಾಸಿ ಮಾಡಿ ಅಂದೇ ಮುಂಗಡ ಕೊಟ್ಟುಬಿಡುತ್ತಿದ್ದೆವು. ಸೋರುವ ಚೀಲಕ್ಕೆ ಬೆಲೆ ಕಟ್ಟಬಹುದು. ನೆಲಮಾಳಿಗೆಗೆ ಬಿಸಿಲು ತಂದವರು ಇನ್ನೇನೇನು ಹೇಳಿಲ್ಲವೋ ಎಂಬ ಅನುಮಾನಕ್ಕೆ ಎಷ್ಟು ಕಳೆಯುವುದು?

ಸಂಜೆ ಭಾವಮೈದುನ ಹೊಸ ರಾಗ ತೆಗೆದ. "ಹಾಗಾದರೆ ಲೆಕ್ಸಸ್ ನೋಡೋಣ ಭಾವ. ಅಮೆರಿಕದಲ್ಲಿ ಮ್ಯಾಟ್ ಫರಾ ಎಂಬ ವಾಹನ ಪತ್ರಕರ್ತನ 1996ರ ಎಲ್‌ಎಸ್ 400 ಹತ್ತು ಲಕ್ಷ ಮೈಲಿ ಓಡಿದೆ." ನಿಜ, 2019ರಲ್ಲಿ ಆ ಗಡಿ ದಾಟಿತು. ಲೆಕ್ಸಸ್ ಇಎಸ್‌ನಂಥ ಕಾರು ಟೊಯೋಟಾ ಕ್ಯಾಮ್ರಿಯ ಅಡಿಪಾಯವನ್ನು ಹಂಚಿಕೊಂಡು ಬಂದಿರುವುದರಿಂದ ತಲೆನೋವು ಕಡಿಮೆ ಎನ್ನುವುದರಲ್ಲೂ ಹುರುಳಿದೆ. ಬಳಸಿ ಪಳಗಿದ ಯಂತ್ರ, ಗೊತ್ತಿರುವ ಕೈಗಳು ಹೆಚ್ಚು. ಆದರೂ ಬ್ರ್ಯಾಂಡ್ ನೋಡಿ ನಿಶ್ಚಿಂತರಾಗುವವರನ್ನು ಕಂಡರೆ ನನಗೆ ದಿಗಿಲು. ಹೆಸರುವಾಸಿ ಗಟ್ಟಿ ಕಾರನ್ನೂ ಎಣ್ಣೆ ಬದಲಿಸದೆ ಕೊಲ್ಲಬಹುದು. ಕಾಯಿಲೆಯ ಕಾರೆಂದು ಹೆಸರು ಕೆಡಿಸಿಕೊಂಡದ್ದು ಒಳ್ಳೆಯ ಕೈಯಲ್ಲಿ ವರ್ಷಗಟ್ಟಲೆ ಓಡಿರಬಹುದು. ಒಂದು ಮಾದರಿಯ ಕಾರುಗಳು ಸಾಮಾನ್ಯವಾಗಿ ಎಲ್ಲಿ ಕೈಕೊಡುತ್ತವೆ ಎಂದು ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಕಣ್ಣೆದುರಿನ ಈ ಕಾರಿನಲ್ಲಿ ಆ ಕೆಲಸ ಆಗಿದೆಯೇ ಎಂದು ಕಡತದಲ್ಲಿ ಹುಡುಕಬೇಕು. ಕಡಿಮೆ ಕಿಲೋಮೀಟರ್ ಎಂದು ಕುಣಿಯುವುದೂ ಬೇಡ. ಓಡದೆ ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ. ಡೀಸೆಲ್ ಕಾರಿನಲ್ಲಿ ಬರೀ ಹತ್ತಿರದ ಓಡಾಟವಾದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ; ಅದು ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ದೂರದ ಓಟ ಬೇಕು.

ಇಷ್ಟೆಲ್ಲ ಹೇಳಿದ್ದಕ್ಕೆ ಹೆಂಡತಿ, "ನಿಮಗೆ ಕಾರು ಬೇಡವೆಂದರೆ ಬೇಡವೆನ್ನಿ, ಅವನ ಆಸೆಗೇಕೆ ತಣ್ಣೀರು?" ಎಂದಳು. ಬೇಡ ಎಂದು ನಾನೆಲ್ಲಿ ಹೇಳಿದೆ? ಆ ಸೀಟಿನಲ್ಲಿ ನಾನೂ ಕೂತು ನೋಡಿದ್ದೇನೆ. ಬಾಗಿಲು ಮುಚ್ಚಿಕೊಂಡಾಗ ಮಾಲೀಕರ ಮಾತು ಅರ್ಧಕ್ಕೇ ನಿಂತು, ತುಟಿ ಮಾತ್ರ ಆಡುವುದು ಕಾಣಿಸಿತು. ಆ ನಿಶ್ಶಬ್ದಕ್ಕೆ ದುಡ್ಡು ಕೊಡಬೇಕು ಎನ್ನಿಸುವುದು ತಪ್ಪಲ್ಲ. ಕಾರಿನ ಬೆಲೆಯ ಜೊತೆಗೆ ಮೊದಲ ವರ್ಷದ ರಿಪೇರಿಗೆ ಬೇರೆ ಹಣ ತೆಗೆದಿಟ್ಟು, ಅದು ಹೋದರೂ ನಿದ್ದೆ ಕೆಡುವುದಿಲ್ಲ ಎನ್ನುವವನು ಧಾರಾಳವಾಗಿ ಕೊಳ್ಳಲಿ. ಸಾಲ ಮಾಡಿ ಕೊಂಡು, ಸೋರುವ ಚೀಲಕ್ಕೆ ಇನ್ನೊಂದು ಸಾಲ ಮಾಡುವವನು ಒಂದು ದಿನ ತಾನೂ ಬೆಳಿಗ್ಗೆ ಎದ್ದು ಎಂಜಿನ್ ಬಿಸಿ ಮಾಡುತ್ತಾನೆ.

ಗುರುವಾರ ಮಾಲೀಕರೇ ಫೋನ್ ಮಾಡಿ ಬೆಲೆ ಇಳಿಸುವುದಾಗಿ ಹೇಳಿದರಂತೆ. ಭಾವಮೈದುನ ಫೋನನ್ನು ನನ್ನ ಕೈಗೆ ಕೊಟ್ಟ. ರಾತ್ರಿ ಕಾರನ್ನು ಮುಟ್ಟದೆ ಬಿಡಿ, ಬೆಳಿಗ್ಗೆ ನಾವೇ ಬಂದು ಸ್ಟಾರ್ಟ್ ಮಾಡುತ್ತೇವೆ, ಸೋರುವ ಗಾಳಿಚೀಲಕ್ಕೂ ಕಂಪ್ರೆಸರಿಗೂ ಗೇರ್‌ಬಾಕ್ಸ್ ಎಣ್ಣೆಗೂ ವರ್ಕ್‌ಶಾಪಿನವರು ಲಿಖಿತವಾಗಿ ಅಂದಾಜು ಕೊಡಲಿ, ಅದನ್ನು ಕಳೆದು ಮಾತಾಡೋಣ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಒಪ್ಪಿದರು. ಈ ಭಾನುವಾರ ಮತ್ತೆ ಹೋಗಬೇಕು. ಮೆಕ್ಯಾನಿಕ್ ಬರುತ್ತಾರೆ, ಶುಲ್ಕ ಬೇರೆ. ಭಾವಮೈದುನ ಈ ಸಲ ತುಟಿಪಿಟಕ್ ಎನ್ನದೆ ಹಿಂದಿನ ದಿನವೇ ಕಳಿಸಿಬಿಟ್ಟಿದ್ದಾನೆ.