ಕತ್ತಿ ತಡೆಯುತ್ತೆ ಸಾರ್

"ಸಾರ್, ಇದು ಮೊದಲು ಇಷ್ಟು ಇರಲಿಲ್ಲ. ಈಗ ಕತ್ತಿ ತಡೆಯುತ್ತೆ."

ಭಾನುವಾರ ಕಟಿಂಗ್ ಶಾಪಿನಲ್ಲಿ ತಲೆ ಬಗ್ಗಿಸಿ ಕೂತಿದ್ದಾಗ ಬೆನ್ನ ಹಿಂದಿನಿಂದ ಬಂದ ಮಾತು. ಕುತ್ತಿಗೆಯ ಹಿಂದೆ, ಕೂದಲು ಮುಗಿಯುವ ಜಾಗದಲ್ಲಿ ನನಗೊಂದು ಮಚ್ಚೆ ಇದೆ. ಇದೆ ಅಂತ ಗೊತ್ತು, ನೋಡಿಲ್ಲ. ಕೆಲಸ ಮುಗಿದ ಮೇಲೆ ಅವರು ಹಿಂದೊಂದು ಕನ್ನಡಿ ಹಿಡಿದು ತೋರಿಸುತ್ತಾರೆ. ನಾನು "ಸರಿ ಇದೆ" ಅನ್ನುತ್ತೇನೆ. ಆಗ ನನ್ನ ಕನ್ನಡಕ ಅವರ ಬಾಚಣಿಗೆಗಳ ಪಕ್ಕ ಇರುತ್ತದೆ. ಹದಿನೈದು ವರ್ಷದಿಂದ ಏನೂ ಕಾಣದೆ ತಲೆ ಆಡಿಸುತ್ತಿದ್ದೇನೆ.

ಮನೆಗೆ ಬಂದು ಹೆಂಡತಿಗೆ ತೋರಿಸಿದೆ. "ಮೊದಲಿಂದಲೂ ಹಾಗೇ ಇದೆ. ನಿಮ್ಮ ಕುತ್ತಿಗೆ ಯಾರು ನೋಡ್ತಾರೆ ಬಿಡಿ" ಅಂದಳು. ಅಮ್ಮ ಮುಟ್ಟಿ ನೋಡಿ, ಗಂಡಸರಿಗೆ ಬಲಗಡೆ ಮಚ್ಚೆ ಇದ್ದರೆ ಒಳ್ಳೇದು, ತೆಗೆಸಬೇಡ ಅಂದರು. ನಡುವೆ ಇದೆಯಲ್ಲಮ್ಮ ಅಂದರೆ, "ಸ್ವಲ್ಪ ಬಲಕ್ಕೇ ಇದೆ ಕಣೋ." ಅತ್ತಿಗೆಗಂತೂ ನೋಡುವುದೇ ಬೇಕಾಗಲಿಲ್ಲ. ಫೋನಿನಲ್ಲೇ ಹೇಳಿದರು: ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಹಚ್ಚು, ಉದುರಿ ಹೋಗುತ್ತೆ. ಅತ್ತಿಗೆ ಒಳ್ಳೆಯವರು. ಆದರೆ ಅದೇ ಮದ್ದು ಹಚ್ಚಿ ಅವರ ಮಗಳ ಕೆನ್ನೆ ಸುಟ್ಟದ್ದು ಅವರಿಗೆ ನೆನಪಿರುವುದಿಲ್ಲ.

ರಾತ್ರಿ ಮಲಗಿದರೆ ಅದೇ ಮಾತು. ಕತ್ತಿ ತಡೆಯುತ್ತೆ. ಇನ್ನೊಂದು ಸಲ ಸರಿಯಾಗಿ ಕೇಳೋಣ ಅಂತ ಹೋದರೆ ಅವತ್ತು ಮಂಗಳವಾರ, ಬಾಗಿಲು ಹಾಕಿತ್ತು.

ಬುಧವಾರ ಚರ್ಮದ ಡಾಕ್ಟರ ಹತ್ತಿರ ಹೋದೆ. ದೀಪ ಇರುವ ಒಂದು ಪುಟ್ಟ ಭೂತಗನ್ನಡಿ ಒತ್ತಿ ನೋಡಿದರು. ಎರಡು ಅರ್ಧವೂ ಒಂದೇ ಥರ ಇದೆ, ಅಂಚು ನೀಟಾಗಿದೆ, ಬಣ್ಣವೂ ಒಂದೇ ಅಂದರು. ಅಗಲ 6 ಮಿಲಿಮೀಟರ್. "ಗಾಬರಿ ಆಗೋ ಥರ ಏನೂ ಕಾಣ್ತಿಲ್ಲ. ಆದರೆ ನಿಮ್ಮ ವಯಸ್ಸಲ್ಲಿ ಮಚ್ಚೆ ಬದಲಾದರೆ ಸುಮ್ನೆ ಬಿಡಬಾರದು. ಹಳೇ ಫೋಟೋ ಇದ್ಯಾ?"

ಕುತ್ತಿಗೆ ಹಿಂದಿನ ಫೋಟೋ ಯಾರ ಹತ್ತಿರ ಇರುತ್ತೆ? ಮೊಬೈಲಿನಲ್ಲಿ ಸಾವಿರಾರು ಫೋಟೋ ಇವೆ, ಎಲ್ಲದರಲ್ಲೂ ಹಲ್ಲು ಕಿರಿಯುತ್ತಾ ಎದುರಿಗೆ ನಿಂತಿದ್ದೇನೆ. ಹೈಸ್ಕೂಲಿನಲ್ಲಿ ಪರೀಕ್ಷೆಯ ಅರ್ಜಿ ತುಂಬುವಾಗ ಮೇಷ್ಟ್ರು ನನ್ನನ್ನು ತಿರುಗಿಸಿ ನಿಲ್ಲಿಸಿ, ಗುರುತಿನ ಚಿಹ್ನೆ ಅನ್ನುವ ಕಡೆ 'ಕುತ್ತಿಗೆಯ ಹಿಂಭಾಗದಲ್ಲಿ ಒಂದು ಮಚ್ಚೆ' ಅಂತ ಬರೆದಿದ್ದರು. ಅದೊಂದೇ ದಾಖಲೆ. ಎಷ್ಟು ದೊಡ್ಡದು ಅಂತ ಬರೆಯಲಿಲ್ಲ, ಪುಣ್ಯಾತ್ಮರು.

ಕೊನೆಗೆ ನಾಚಿಕೆಯಿಂದಲೇ ಕತ್ತಿಯ ವಿಷಯ ಹೇಳಿದೆ. ಡಾಕ್ಟರು ನಗಲಿಲ್ಲ. "ಅವರು ಎಷ್ಟು ವರ್ಷದಿಂದ ನಿಮಗೆ ಕಟಿಂಗ್ ಮಾಡ್ತಿದ್ದಾರೆ?" ಹದಿನೈದು ಅಂದೆ. "ಹಾಗಾದರೆ ಅವರ ಮಾತು ನಂಬೋಣ."

ಇದು ನನಗೆ ಎಲ್ಲೋ ಚುಚ್ಚಿತು. ದಿನಾ ಜೊತೆಗಿರುವ ಹೆಂಡತಿಗೆ, ಹೆತ್ತ ಅಮ್ಮನಿಗೆ ಗೊತ್ತಾಗದ್ದು ತಿಂಗಳಿಗೊಮ್ಮೆ ಮುಟ್ಟುವ ಕೈಗೆ ಗೊತ್ತಾಗಿದೆ. ನಾನೋ, ಇಷ್ಟು ವರ್ಷದಲ್ಲಿ ಅವರ ಹೆಸರು ಸಹ ಕೇಳಿಲ್ಲ. 'ಯಜಮಾನ್ರೇ' ಅಂದರೆ ಸಾಕಾಗಿತ್ತು.

ಲೇಸರ್‌ನಲ್ಲಿ ಸುಟ್ಟುಬಿಡಿ, ಹೊಲಿಗೆ ಬೇಡ ಅಂತ ಕೇಳಿದೆ. "ಸುಟ್ಟರೆ ಪರೀಕ್ಷೆಗೆ ಕಳಿಸೋಕೆ ಏನು ಉಳಿಯುತ್ತೆ? ಕತ್ತರಿಸಿ ಲ್ಯಾಬ್‌ಗೆ ಕಳಿಸಬೇಕು" ಅಂದರು. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್, ಎರಡು ಮೂರು ಹೊಲಿಗೆ, ಸಣ್ಣ ಕಲೆ ಉಳಿಯುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು. ನಾನು ಅದನ್ನು ನೋಡಿದ್ದು ಅದೇ ಮೊದಲು. ತೊಗರಿ ಕಾಳಿನಷ್ಟು, ಕಂದು ಬಣ್ಣ. ಇಷ್ಟೇನಾ ಅನಿಸಿತು. ಸೋಮವಾರಕ್ಕೆ ಒಪ್ಪಿಕೊಂಡು ಬಂದೆ. ಅಮ್ಮ ಪಂಚಾಂಗ ನೋಡಿ, ಸೋಮವಾರ ಪರವಾಗಿಲ್ಲ ಅಂದರು.

ಇವತ್ತು ಬೆಳಿಗ್ಗೆ ಕಟಿಂಗ್ ಶಾಪಿಗೆ ಹೋಗಿ ವಿಷಯ ಹೇಳಿದೆ. ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವರು ಬ್ರಶ್ ನಿಲ್ಲಿಸಿದರು. ಒಳ್ಳೇದಾಯ್ತು ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಅದರ ಮೇಲಕ್ಕೆ ಸರಿಯಾಗಿ ಗೆರೆ ನಿಲ್ಲಿಸ್ತಿದ್ದೆ ಸಾರ್. ಇನ್ಮೇಲೆ ಎಲ್ಲಿಗೆ ನಿಲ್ಲಿಸಲಿ?"